ಗಾಯರಾಣದ ಉರುಳು

ಮೊದಲ ಸುಳಿವು ಕಂಡದ್ದು ಬೋರೆ ಗಿಡವೊಂದರ ಬುಡದಲ್ಲಿ. ತೊಗಟೆಯ ಸುತ್ತ ಬೆರಳಿನಷ್ಟು ಅಗಲದ ಗಾಯ, ಅದರೊಳಗೆ ಕಪ್ಪು ಗ್ರೀಸು. ದನ ಕಟ್ಟಿದ ಹಗ್ಗ ಹಾಗೆ ಕೊರೆಯುವುದಿಲ್ಲ, ಅದು ತಂತಿ ಕೊರೆದ ಗಾಯ. ಎರಡು ಮಾರು ಆಚೆ ಹುಲ್ಲೆಲ್ಲ ತುಳಿದು, ಮಣ್ಣು ಎದ್ದು, ನೆಲ ಕಣದ ಹಾಗೆ ದುಂಡಗಾಗಿತ್ತು. ಯಾವುದೋ ಪ್ರಾಣಿ ಬಹಳ ಹೊತ್ತು ಅಲ್ಲೇ ಸುತ್ತಿ ಸುತ್ತಿ ಎಳೆದಾಡಿದೆ. ಕಾಲಿನಿಂದ ಮಣ್ಣು ಸರಿಸಿದೆ. ಒಣಗಿದ ರಕ್ತ, ಬಿಳಿ ಹೊಟ್ಟೆಗೂದಲು, ಗುಂಡಿಯೊಳಗೆ ಮುಚ್ಚಿದ ಕರುಳು.

"ಚಿಗರಿ," ಎಂದರು ನನ್ನ ಜೊತೆಗಿದ್ದ ವಾಚರ್ ಕಾಕಾ. ನಮ್ಮ ಕಡೆ ಕೃಷ್ಣಮೃಗಕ್ಕೆ ಹಾಗೆನ್ನುತ್ತಾರೆ. ಅವರು ಕೂತು, ಗಿಡದ ಗಾಯವನ್ನು ಮೂಸಿ ನೋಡಿದರು. "ಹೆಣ್ಣು. ನಿನ್ನಿ ಮುಂಜಾನಿ ಬಿದ್ದದ್ರಿ ಮೇಡಂ. ನಾವು ಗುಡ್ಡದ ಕಡಿ ಇದ್ವಲ್ಲ, ಅವಾಗ."

ನಾನು ಆಗ ದೇವದುರ್ಗದ ಹತ್ತಿರದ ಒಂದು ಗಸ್ತಿಗೆ ಅರಣ್ಯ ಪಾಲಕಿಯಾಗಿ ಸೇರಿ ಏಳು ತಿಂಗಳಾಗಿತ್ತು, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ನನ್ನ ಗಸ್ತಿನಲ್ಲಿ ಮೂರು ಭಾಗ. ಒಂದು ಕಲ್ಲುಗುಡ್ಡ, ಇನ್ನೊಂದು ಕಾಲುವೆ ಬದಿಯ ಜಾಲಿ ಪೊದೆ, ಮೂರನೆಯದು ಗಾಯರಾಣ ಎಂದು ಎಲ್ಲರೂ ಕರೆಯುವ ಹುಲ್ಲುಬಯಲು. ಒಂದು ದಿನಕ್ಕೆ ಒಂದೇ ಭಾಗ ನಡೆದು ಮುಗಿಸಲು ಆಗುತ್ತಿತ್ತು. ಮರುದಿನ ಯಾವ ಭಾಗ ಎಂದು ಹಿಂದಿನ ಸಂಜೆಯೇ ಸೆಕ್ಷನ್ ಆಫೀಸಿನ ರಿಜಿಸ್ಟರಿನಲ್ಲಿ ಬರೆಯಬೇಕು. ವಾಚರ್ ಕಾಕಾ ದಿನಗೂಲಿಯವರು, ಹದಿನೆಂಟು ವರ್ಷದಿಂದ ಅದೇ ನೆಲದಲ್ಲಿ ನಡೆಯುತ್ತಿದ್ದವರು. ಓದು ಬರಹ ಇರಲಿಲ್ಲ. ಆದರೆ ಹಿಕ್ಕೆ ಮುರಿದು ನೋಡಿ, ಹಿಂಡು ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳಬಲ್ಲವರಾಗಿದ್ದರು.

ಗಾಯ, ಗುಂಡಿ, ರಕ್ತ ಎಲ್ಲದರ ಫೋಟೊ ತೆಗೆದೆ, ಜಿಪಿಎಸ್ ಗುರುತು ಹಾಕಿದೆ, ಕೂದಲನ್ನು ಕಾಗದದ ಲಕೋಟೆಯಲ್ಲಿ ಹಾಕಿ ಸಹಿ ಮಾಡಿದೆ. ಹೊರಡುವಾಗ ಕಾಕಾ ಒಂದು ಮಾತು ಹೇಳಿದರು.

"ಇದು ಬ್ಯಾಟಿ ಆಡೋರ ಕೆಲಸ ಅಲ್ರಿ. ಅವರು ಹಿಂಗ ತಂತಿ ಹಾಕಂಗಿಲ್ಲ. ಇದು ಬ್ಯಾರೆ ಯಾರೋ."

ನಾನು ತಲೆಯಾಡಿಸಿದೆ. ಒಳಗೊಳಗೆ ಮಾತ್ರ, ಇವರು ಇಷ್ಟು ಬೇಗ ಯಾಕೆ ಹೀಗೆ ಹೇಳುತ್ತಿದ್ದಾರೆ ಎನ್ನಿಸಿತು. ಕಾಕಾನ ಅಪ್ಪ, ಅಜ್ಜ ಬಲೆ ಹಾಕಿ ಕೌಜುಗ, ಮೊಲ ಹಿಡಿದು ಬದುಕಿದವರು ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅನುಮಾನ ಶುರುವಾದದ್ದು ಅಲ್ಲಿಂದ, ಅವರ ಒಂದು ಸರಿಯಾದ ಮಾತಿನಿಂದ.

ಮುಂದಿನ ಮೂರು ವಾರ ಒಂದೇ ಪಾಡು. ನಾವು ಗಾಯರಾಣಕ್ಕೆ ಹೋದ ದಿನ ಕಾಲುವೆ ಬದಿಯಲ್ಲಿ ಉರುಳು ಬೀಳುತ್ತಿತ್ತು. ಕಾಲುವೆಗೆ ಹೋದ ದಿನ ಗಾಯರಾಣದಲ್ಲಿ. ಮರುದಿನ ಹೋದರೆ ಗೂಟ ಕಿತ್ತ ತೂತು, ಉಜ್ಜಿದ ತೊಗಟೆ, ಒಂದಿಷ್ಟು ಕೂದಲು. ತಂತಿ ಮಾತ್ರ ಒಂದೂ ಸಿಗಲಿಲ್ಲ. ನಾನು ಯಾವಾಗಲೂ ಒಂದು ದಿನ ತಡ. ಗಸ್ತಿನ ಕ್ರಮ ಬದಲಿಸಿದೆ. ಗುಡ್ಡವನ್ನೇ ಎರಡು ದಿನ ಸತತ ನಡೆದೆ. ಒಂದು ವಾರ ಚೀಟಿ ಎತ್ತಿ ದಾರಿ ಆರಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ನಾಳೆ ನಾನು ಎಲ್ಲಿರುತ್ತೇನೆ ಎನ್ನುವುದು ಯಾರಿಗೋ ಮುಂಚೆಯೇ ಗೊತ್ತಾಗುತ್ತಿತ್ತು.

ಆಮೇಲಿಂದ ನನಗೆ ಎಲ್ಲರ ಮುಖವೂ ಬೇರೆಯಾಗಿ ಕಾಣತೊಡಗಿತು. ಚಹಾದಂಗಡಿಯವನು "ಇವತ್ತು ಯಾವ ಕಡಿರಿ ಮೇಡಂ?" ಎಂದರೆ ಅವನ ಕಣ್ಣು ನೋಡುತ್ತಿದ್ದೆ. ಹತ್ತಿ ಬಿಡಿಸುವ ಹೆಂಗಸರು ನನ್ನ ಖಾಕಿ ಕಂಡು ಮಾತು ನಿಲ್ಲಿಸಿದರೆ, ಏನು ಮಾತಾಡುತ್ತಿದ್ದರೋ ಎಂದು ಯೋಚಿಸುತ್ತಿದ್ದೆ. ಕಾಕಾ ಫೋನ್ ಹಿಡಿದು ಸ್ವಲ್ಪ ದೂರ ಹೋದರೆ ಎಷ್ಟು ನಿಮಿಷ ಮಾತಾಡಿದರೆಂದು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ರೇಂಜ್ ಆಫೀಸಿನಿಂದ ಒಂದು ಕ್ಯಾಮೆರಾ ಟ್ರ್ಯಾಪ್ ಕೇಳಿ ತಂದೆ. ಪ್ರಾಣಿಯೋ ಮನುಷ್ಯರೋ ಮುಂದೆ ಹಾದರೆ ತಾನಾಗಿ ಫೋಟೊ ತೆಗೆಯುವ ಪೆಟ್ಟಿಗೆ ಅದು. ಗಾಯರಾಣದ ನೀರಿನ ಗುಂಡಿಗೆ ಎದುರಾಗಿ, ಮೊಣಕಾಲೆತ್ತರದಲ್ಲಿ, ಬೇವಿನ ಬುಡಕ್ಕೆ ಕಟ್ಟಿದೆವು. ಕಟ್ಟುವಾಗ ಇದ್ದವರು ಕಾಕಾ ಮತ್ತು ನಾನು ಇಬ್ಬರೇ. ಮೂರನೆಯ ದಿನ ಹೋಗಿ ನೋಡಿದರೆ ಬೆಲ್ಟು ಕತ್ತರಿಸಿ ಬಿದ್ದಿತ್ತು, ಪೆಟ್ಟಿಗೆ ಇರಲಿಲ್ಲ.

"ಯಾರಿಗಿ ಹೇಳಿದ್ರಿ ಕಾಕಾ?" ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ನಾ ಯಾರಿಗಿ ಹೇಳ್ಲಿ? ನನ್ನ ಮ್ಯಾಲ ಬಂತೇನ್ರಿ ಈಗ?"

ನಾನು ಕತ್ತರಿಸಿದ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡೆ. ಆ ಸಂಜೆ ಸೆಕ್ಷನ್ ಆಫೀಸಿನಲ್ಲಿ ಕೂತು ವರದಿ ಬರೆದೆ: ಗಸ್ತಿನ ಮಾಹಿತಿ ಸೋರಿಕೆಯಾಗುತ್ತಿದೆ, ಕ್ಯಾಮೆರಾ ಇಟ್ಟ ಸ್ಥಳ ವಾಚರ್‌ಗೆ ಮಾತ್ರ ತಿಳಿದಿತ್ತು, ಸದರಿಯವರ ಮೇಲೆ ಬಲವಾದ ಸಂಶಯವಿದೆ. ಸೆಕ್ಷನ್ ಸಾಹೇಬರು ಎರಡು ಸಲ ಓದಿದರು. "ಪುರಾವೆ ಏನದ?" ಎಂದರು. "ಸಾಹೇಬ್ರ, ಬ್ಯಾರೆ ಯಾರಿಗೂ ಗೊತ್ತಿರಲಿಲ್ರಿ," ಎಂದೆ. ವಾರದೊಳಗೆ ಕಾಕಾನನ್ನು ಮಾನ್ವಿ ಕಡೆಯ ಸಸ್ಯಪಾಲನಾ ಕ್ಷೇತ್ರಕ್ಕೆ, ಸಸಿ ನೆಡುವ ಪಾಕೀಟುಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಕಳಿಸಿದರು. ಹೋಗುವ ದಿನ ಅವರು ಬೈನಾಕ್ಯುಲರ್, ಟಾರ್ಚು, ಕೋಲು ಮೂರನ್ನೂ ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ ಹೊರಟರು. ಅವರ ಊರಿನಲ್ಲಿ ಅಷ್ಟರಲ್ಲೇ "ಚಿಗರಿ ಕಳ್ಳ" ಎನ್ನುವ ಹೆಸರು ಹಬ್ಬಿತ್ತಂತೆ.

ನಾನು ದೇವದುರ್ಗದಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ವಿಧವೆ, ಹಣೆ ತುಂಬ ವಿಭೂತಿ, ಸೋಮವಾರ ಉಪವಾಸ. ಬಾಡಿಗೆಗೆ ಕೊಡುವಾಗ ಖಾಕಿ ನೋಡಿ ಹಿಂಜರಿದಿದ್ದರು, ನನ್ನ ಊರು ಹಿರೇಕೊಟ್ನೆಕಲ್ ಎಂದಾಗ ಅಲ್ಲಿ ಯಾರ ಓಣಿ ಎಂದು ಕೇಳಿದ್ದರು. ನಾನು ನಿಜ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರ್ಲಿ, ಹೆಣ್ಮಗಳು ಒಬ್ಬಾಕಿ ಎಲ್ಲಿಗಿ ಹೋಗ್ತಿ," ಎಂದು ಬೀಗದ ಕೈ ಕೊಟ್ಟಿದ್ದರು. ಆಮೇಲೆ ಅವರೇ ಊಟಕ್ಕೆ ಕರೆಯತೊಡಗಿದರು. ಎರಡನೆಯ ತಿಂಗಳಿಗೆ ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ಅವರ ತಮ್ಮನದು ಬಸ್‌ಸ್ಟ್ಯಾಂಡ್ ಹತ್ತಿರ ಬೈಕು ರಿಪೇರಿಯ ಗ್ಯಾರೇಜು. ದಿನಾ ಸಂಜೆ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ನನ್ನನ್ನು ತಂಗಿ ಎನ್ನುತ್ತಿದ್ದ. ಮೆತ್ತನೆಯ ಮಾತಿನ ಮನುಷ್ಯ.

ಕಾಕಾ ಹೋದ ಮೇಲೆ ಒಂಬತ್ತು ದಿನ ಎಲ್ಲವೂ ಶಾಂತವಾಗಿತ್ತು. ನನ್ನ ಊಹೆ ಸರಿಯಾಯಿತು ಎಂದುಕೊಂಡೆ. ಸೆಕ್ಷನ್ ಸಾಹೇಬರೂ ಮೆಚ್ಚಿದರು. ಹತ್ತನೆಯ ದಿನಕ್ಕೆ ಗುಡ್ಡ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆ. ಬೆಳಿಗ್ಗೆ ಹೊರಟು ಅರ್ಧ ದಾರಿಯಲ್ಲಿರುವಾಗ ಸಾಹೇಬರ ಫೋನು: "ಗುಡ್ಡ ಬಿಡು, ಗಾಯರಾಣಕ್ಕ ಸರ್ವೇದವರು ಬರಾಕತ್ತಾರ, ಗಡಿ ಕಲ್ಲು ತೋರ್ಸು."

ಸ್ಕೂಟಿ ತಿರುಗಿಸಿ ಗಾಯರಾಣಕ್ಕೆ ಹೋದೆ. ಸರ್ವೇಯವರು ಇನ್ನೂ ಬಂದಿರಲಿಲ್ಲ. ನೀರಿನ ಗುಂಡಿಯ ಆಚೆ ಹುಲ್ಲು ಅಲುಗಾಡುವುದು ಕಂಡಿತು, ಗಾಳಿ ಇರಲಿಲ್ಲ. ಹತ್ತಿರ ಹೋದರೆ ಒಂದು ಹೆಣ್ಣು ಚಿಗರಿ, ಹಿಂಗಾಲಿಗೆ ತಂತಿ. ನನ್ನನ್ನು ಕಂಡು ಎಗರಿತು, ತಂತಿ ಎಳೆದು ಬಿತ್ತು, ಮತ್ತೆ ಎಗರಿತು. ಹಾಗೆ ಎಗರುತ್ತಲೇ ಕಾಲು ಮುರಿದುಕೊಳ್ಳುತ್ತವೆ, ಇಲ್ಲವೇ ಭಯಕ್ಕೆ ಎದೆ ಒಡೆದು ಸಾಯುತ್ತವೆ ಎಂದು ಕಾಕಾ ಹೇಳಿದ್ದರು. "ಮದ್ಲ ಕಣ್ಣು ಮುಚ್ಚಬೇಕ್ರಿ, ಆಮ್ಯಾಗ ಕಾಲು." ನಾನು ಹಿಂದಿನಿಂದ ಹೊಟ್ಟೆಯ ಮೇಲೆ ತೆವಳಿ, ಟವೆಲ್ಲನ್ನು ಅದರ ತಲೆಯ ಮೇಲೆ ಹಾಕಿ, ಮೊಣಕಾಲಿನಿಂದ ಬೆನ್ನನ್ನು ಒತ್ತಿ ಹಿಡಿದೆ. ಕಣ್ಣಿಗೆ ಕತ್ತಲಾದ ಕೂಡಲೇ ಅದು ಅಲುಗಾಡುವುದನ್ನು ನಿಲ್ಲಿಸಿತು. ಎದೆ ಮಾತ್ರ ನನ್ನ ತೊಡೆಗೆ ಬಡಿಯುತ್ತಿತ್ತು. ಚೀಲದಿಂದ ಇಕ್ಕಳ ತೆಗೆದು ತಂತಿ ಕತ್ತರಿಸಿದೆ. ಚರ್ಮ ಹರಿದಿತ್ತು, ಎಲುಬು ಗಟ್ಟಿಯಿತ್ತು. ಟವೆಲ್ ತೆಗೆದೆ. ಎರಡು ಹೆಜ್ಜೆ ಕುಂಟಿತು, ಆಮೇಲೆ ಓಡಿತು.

ಕೈಯಲ್ಲಿ ಉಳಿದ ತಂತಿಯನ್ನು ನೋಡುತ್ತ ಕೂತೆ. ನನಗೆ ಮೊದಲ ಬಾರಿ ತಂತಿ ಸಿಕ್ಕಿತ್ತು. ಬೈಕಿನ ಹಳೆಯ ಕ್ಲಚ್ ವಾಯರ್. ಒಂದು ತುದಿಯಲ್ಲಿ ಸೀಸದ ಸಣ್ಣ ಗುಂಡು ಇನ್ನೂ ಇತ್ತು. ಕುಣಿಕೆಯನ್ನು ಗಂಟು ಹಾಕಿರಲಿಲ್ಲ, ಇಕ್ಕಳದಿಂದ ತಿರುಚಿ ಅಚ್ಚುಕಟ್ಟಾಗಿ ಒತ್ತಿದ್ದರು. ಬೇಟೆಯಾಡುವವರ ಕೆಲಸ ಅಲ್ಲ ಎಂದು ಕಾಕಾ ಹೇಳಿದ್ದು ಇದನ್ನೇ.

ಆ ದಿನ ನಾನು ಗುಡ್ಡದಲ್ಲಿರಬೇಕಿತ್ತು. ಆ ನಂಬಿಕೆಯ ಮೇಲೆಯೇ ಯಾರೋ ಗಾಯರಾಣದಲ್ಲಿ ಉರುಳು ಹಾಕಿದ್ದರು. ಕಾಕಾ ಅಷ್ಟೊತ್ತಿಗೆ ಮಾನ್ವಿಯಲ್ಲಿ ಮಣ್ಣು ತುಂಬುತ್ತಿದ್ದರು. ಅವರಿಗೆ ನನ್ನ ದಾರಿ ತಿಳಿಯುವ ಬಗೆಯೇ ಇರಲಿಲ್ಲ.

ಹಾಗಾದರೆ ಯಾರಿಗೆ ತಿಳಿದಿತ್ತು? ರಿಜಿಸ್ಟರು ನೋಡುವವರಿಗೆ. ಮತ್ತೆ? ಎಷ್ಟು ಹೊತ್ತು ಯೋಚಿಸಿದರೂ ಇನ್ನೊಬ್ಬರ ಹೆಸರು ಬಾಯಿಗೆ ಬರಲಿಲ್ಲ, ಬರಗೊಡಲಿಲ್ಲ ಎನ್ನುವುದೇ ಸರಿ. ದಿನಾ ಸಂಜೆ ಊಟಕ್ಕೆ ಕೂತಾಗ ಅವ್ವ ಕೇಳುತ್ತಿದ್ದರು: "ನಾಳಿ ಯಾವ ಕಡಿಗಿ ಯವ್ವಾ? ಗುಡ್ಡ ಅಂದ್ರ ನಾಕು ರೊಟ್ಟಿ ಕಟ್ತೀನಿ, ಕಾಲುವಿ ಅಂದ್ರ ಎರಡು ಸಾಕು." ನಾನು ಹೇಳುತ್ತಿದ್ದೆ. ಕ್ಯಾಮೆರಾದ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದ್ದೂ ಅವರ ಅಡುಗೆಮನೆಯಲ್ಲೇ. ಇವೇನು ಎಂದು ಕೇಳಿದ್ದರು. ಗಾಯರಾಣದ ಗುಂಡಿ ಹತ್ತಿರ ಕಟ್ಟುವ ಕ್ಯಾಮೆರಾಕ್ಕೆ ಎಂದಿದ್ದೆ. ತಮ್ಮ ಆಗ ಪಕ್ಕದಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ.

ಮೊದಲ ಸಲ ಮಾಡಿದ ತಪ್ಪನ್ನು ಮತ್ತೆ ಮಾಡಬಾರದು ಎಂದು ಅಲ್ಲೇ ನಿರ್ಧರಿಸಿದೆ. ಊಹೆಯ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ. ಪರೀಕ್ಷೆ ಮಾಡಿ ನೋಡುತ್ತೇನೆ. ಚಿಗರಿ ತಂತಿ ಕಿತ್ತುಕೊಂಡು ಓಡಿತೆಂದು ಹಾಕಿದವನು ಅಂದುಕೊಳ್ಳಲಿ ಎಂದು ಸಿಕ್ಕ ತಂತಿಯ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಆ ಸಂಜೆ ರಿಜಿಸ್ಟರಿನಲ್ಲಿ ಕಾಲುವೆ ಎಂದು ಬರೆದೆ. ಊಟಕ್ಕೆ ಕೂತು ಅವ್ವನಿಗೆ, "ನಾಳಿ ಗಾಯರಾಣ," ಎಂದೆ. ಸುಳ್ಳು ಹೇಳುವಾಗ ತಟ್ಟೆ ಬಿಟ್ಟು ಕಣ್ಣೆತ್ತಲಾಗಲಿಲ್ಲ. ರಿಜಿಸ್ಟರಿನಿಂದ ಸೋರುತ್ತಿದ್ದರೆ ಕಾಲುವೆ ಸ್ವಚ್ಛವಾಗಿರಬೇಕು, ಮನೆಯಿಂದ ಸೋರುತ್ತಿದ್ದರೆ ಗಾಯರಾಣ. ಬೆಳಕು ಹರಿಯುವಾಗಲೇ ಸ್ಕೂಟಿಯಲ್ಲಿ ಎರಡೂ ಕಡೆ ಹೋಗಿ, ಹಿಂದೆ ಉರುಳು ಬಿದ್ದ ಜಾಗಗಳನ್ನಷ್ಟೇ ನೋಡಿದೆ. ಗಾಯರಾಣದಲ್ಲಿ ಏನೂ ಇರಲಿಲ್ಲ. ಕಾಲುವೆ ಬದಿಯಲ್ಲಿ ನಾಲ್ಕು ಉರುಳು. ಅವುಗಳನ್ನು ಕೀಳಲಿಲ್ಲ. ಕಿತ್ತರೆ ಹಾಕಿದವನಿಗೆ ಗೊತ್ತಾಗುತ್ತದೆ. ಒಣ ಕಡ್ಡಿಯಿಂದ ಒಂದೊಂದೇ ಕುಣಿಕೆಯನ್ನು ಎಳೆದು ಬಿಗಿದೆ. ಪ್ರಾಣಿ ತಪ್ಪಿಸಿಕೊಂಡು ತಾನಾಗಿ ಬಿಗಿದುಕೊಂಡಂತೆ ಕಾಣಬೇಕು. ನನ್ನ ಹೆಜ್ಜೆಗಳನ್ನು ಜಾಲಿ ಟೊಂಗೆಯಿಂದ ಗುಡಿಸುತ್ತ ಹಿಂದಕ್ಕೆ ನಡೆದೆ.

ಮರುದಿನ ತಿರುವುಮುರುವು ಮಾಡಿದೆ. ರಿಜಿಸ್ಟರಿನಲ್ಲಿ ಗಾಯರಾಣ, ಅವ್ವನಿಗೆ ಕಾಲುವೆ. ಗಾಯರಾಣದಲ್ಲಿ ಉರುಳು ಬಿದ್ದಿತ್ತು, ಕಾಲುವೆ ಬದಿ ಸ್ವಚ್ಛ.

ಅಂದು ಮಧ್ಯಾಹ್ನ ಮಾನ್ವಿಯ ಸಸ್ಯಪಾಲನಾ ಕ್ಷೇತ್ರಕ್ಕೆ ಹೋದೆ. ಕಾಕಾ ನೆರಳುಪರದೆಯ ಕೆಳಗೆ ಹೊಂಗೆ ಸಸಿ ಸಾಲಿಡುತ್ತಿದ್ದರು. ತಂತಿ ತೋರಿಸಿದೆ. ಅವರು ಸೀಸದ ಗುಂಡನ್ನು ಬೆರಳಲ್ಲಿ ಹೊರಳಿಸಿದರು.

"ನಾ ಅವತ್ತ ಹೇಳಿದ್ನೆಲ್ರಿ. ಇದು ಗಾಡಿ ರಿಪೇರಿ ಕೈ."

"ತಪ್ಪಾತ್ರಿ ಕಾಕಾ. ನಾಳಿ ಒಂದಿನ ಬರ್ರಿ. ಅಂವ ಯಾವ ದಾರಿ ಹಿಡದು ಬರ್ತಾನ ಅಂತ ನನಗ ಗೊತ್ತಾಗಂಗಿಲ್ಲ, ನಿಮಗ ಗೊತ್ತಾಗ್ತದ."

ಅವರು ಕೈಯ ಮಣ್ಣು ಒರೆಸಿಕೊಂಡರು. "ಚಿಗರಿ ಸಲುವಾಗಿ ಬರ್ತೀನಿ," ಎಂದರು. "ನಿಮ್ಮ ಸಲುವಾಗಿ ಅಲ್ಲ."

ಆಮೇಲೆ ಸೆಕ್ಷನ್ ಸಾಹೇಬರಿಗೆ ಎಲ್ಲ ಹೇಳಿದೆ. ಮೂರು ದಿನದ ಫೋಟೊ, ಜಿಪಿಎಸ್ ಗುರುತು, ರಿಜಿಸ್ಟರಿನ ಪುಟ ಮುಂದಿಟ್ಟೆ. ಮೊದಲು ಬೈದರು, ಆಮೇಲೆ ಇನ್ನೊಬ್ಬ ಗಾರ್ಡನ್ನು ಕರೆದುಕೊಂಡು ತಾವೂ ಬರುವುದಾಗಿ ಹೇಳಿದರು. ಆ ರಾತ್ರಿ ಅವ್ವನಿಗೆ ಗುಡ್ಡ ಎಂದೆ; ನಾನು ಗುಡ್ಡ ಎಂದಾಗಲೆಲ್ಲ ಉರುಳು ಬಿದ್ದದ್ದು ಗಾಯರಾಣದಲ್ಲೇ. ನಾಲ್ಕು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. "ಬಿಸಿಲದ, ತಲಿ ಮ್ಯಾಲ ಬಟ್ಟಿ ಹಾಕ್ಕೋ," ಎಂದರು.

ಬೆಳಕು ಹರಿಯುವ ಮುಂಚೆ ಗಾಯರಾಣ ಸೇರಿದೆವು. ಕಾಕಾ ಒಂದು ಸುತ್ತು ನೋಡಿ ಬಂದು, ಆರು ಉರುಳು ಬಿದ್ದಿವೆ, ಎಲ್ಲದರ ಕುಣಿಕೆಯನ್ನೂ ಎಳೆದು ಬಿಗಿದಿದ್ದೇನೆ ಎಂದರು. ನಮ್ಮನ್ನು ದಾರಿಯ ಪಕ್ಕ ಕೂಡಿಸದೆ ಒಂದು ಒಣ ಹಳ್ಳದಲ್ಲಿ ಕೂಡಿಸಿದರು. "ಗಾಡಿ ರಸ್ತಿ ಮ್ಯಾಲ ಬಿಟ್ಟು ಹಳ್ಳ ಹಿಡದು ಬರ್ತಾನ್ರಿ. ಟಯರಿನ ಗುರುತು ಎಲ್ಲೂ ಇಲ್ಲ ನೋಡ್ರಿ." ಕೂತೆವು. ಬಿಸಿಲೇರಿತು. ನನಗೆ ಒಳಗೆ ಒಂದೇ ಬೇಡಿಕೆ: ಬರುವವನು ಬೇರೆ ಯಾರಾದರೂ ಆಗಿರಲಿ.

ಎಂಟು ಗಂಟೆಗೆ ಬಂದವನು ಅವ್ವನ ತಮ್ಮನೇ. ಅವಸರವೇ ಇರಲಿಲ್ಲ. ಹೆಗಲ ಮೇಲೆ ಗೊಬ್ಬರದ ಖಾಲಿ ಚೀಲ, ಕೈಯಲ್ಲಿ ಇಕ್ಕಳ. ಬಾಗಿ ಮೊದಲ ಉರುಳು ಬಿಚ್ಚುವಾಗ ಸಾಹೇಬರು ಎದ್ದರು. ಅವನು ಓಡಲು ತಿರುಗಿದ. ಆ ಕಡೆ ಕಾಕಾ ನಿಂತಿದ್ದರು. ಆಮೇಲೆ ನನ್ನನ್ನು ಕಂಡ.

"ತಂಗಿ, ನೀ ಗುಡ್ಡಕ್ಕ ಹೋಗಿದ್ದೆಲ್ಲ?" ಎಂದ.

ಸಾಹೇಬರು ಆ ಮಾತನ್ನು ಹಾಗೇ ಬರೆದುಕೊಂಡರು. ಹತ್ತಿರದ ಹೊಲದವರಿಬ್ಬರನ್ನು ಕರೆಸಿ ಅವರ ಮುಂದೆ ಪಂಚನಾಮೆ ಮಾಡಿದೆವು. ಆರು ಉರುಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿದೆವು. ಗ್ಯಾರೇಜಿನಲ್ಲಿ ಹಳೆಯ ಕ್ಲಚ್ ವಾಯರುಗಳ ಕಟ್ಟು ಸಿಕ್ಕಿತು, ಆಯಿಲ್ ಡಬ್ಬಿಗಳ ಹಿಂದೆ ನಮ್ಮ ಕ್ಯಾಮೆರಾ ಕೂಡ. ಮಾಂಸ ಮಾನ್ವಿ ರಸ್ತೆಯ ಊಟದ ಹೋಟೆಲೊಂದಕ್ಕೆ ಹೋಗುತ್ತಿತ್ತೆಂದು ಒಪ್ಪಿಕೊಂಡ. "ಅಕ್ಕಗ ಏನೂ ಗೊತ್ತಿಲ್ರಿ," ಎಂದು ಮಾತ್ರ ಮತ್ತೆ ಮತ್ತೆ ಹೇಳಿದ. ಮರುದಿನ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿದೆವು.

ಸಂಜೆ ಮನೆಗೆ ಹೋದೆ. ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಮೂರು ದಿನ ನನ್ನ ಮುಂದ ಕುಂತು ಉಂಡು, ಸುಳ್ಳು ಹೇಳಿದಿ," ಎಂದರು. "ನನ್ನ ಕೇಳಬಾರದಿತ್ತೇನ ಯವ್ವಾ?"

"ಕೇಳಿದ್ರ ಹೇಳ್ತಿದ್ರೇನ್ ಅವ್ವಾ? ನಿಮಗ ಗೊತ್ತಿತ್ತೇನು?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಎದ್ದು ಒಳಗೆ ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದರು. ನಾನು ವಾರದೊಳಗೆ ಬೇರೆ ಕೋಣೆ ನೋಡಿಕೊಂಡೆ. ಅವರಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ. ಕೆಲವು ದಿನ ಒಂದು ರೀತಿ ಅನ್ನಿಸುತ್ತದೆ, ಕೆಲವು ದಿನ ಇನ್ನೊಂದು ರೀತಿ.

ಉಳಿದದ್ದು ಕಾಕಾನ ವಿಷಯ. ಗಸ್ತಿಗೆ ವಾಪಸ್ ಬರಲು ಸಾಹೇಬರು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಕಾಕಾ ಬರಲಿಲ್ಲ. ನಾನೇ ಹೋಗಿ ಕೇಳಿದೆ.

"ನನ್ನ ಮ್ಯಾಲ ಕಾಗದದಾಗ ಬರದೀರಿ," ಎಂದರು. "ಹೊಳ್ಳಿ ಬಾ ಅಂತ ಬಾಯಾಗ ಕರದ್ರ ಹೆಂಗ್ರಿ? ನಾಳಿ ನೀವು ಬ್ಯಾರೆ ಊರಿಗಿ ಹೋಗ್ತೀರಿ, ಕಾಗದ ಇಲ್ಲೇ ಇರ್ತದ. ನಮ್ಮಪ್ಪ ಬಲಿ ಹಾಕಿದ್ದು ಖರೇ. ನಾ ಹದಿನೆಂಟು ವರ್ಷ ಬಲಿ ಕಿತ್ತೀನಿ. ಅದನ್ನ ಯಾರು ಬರದ್ರು?"

ಶಾಲೆಯಲ್ಲಿ ಏನಾದರೂ ಕಳೆದರೆ ಮೊದಲು ನನ್ನ ಚೀಲವನ್ನೇ ತೆಗೆಸುತ್ತಿದ್ದರು. ಆ ಮಾತನ್ನು ಅವರಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ್ದರೆ ಅದು ಕ್ಷಮೆ ಬೇಡುವ ಇನ್ನೊಂದು ಅಡ್ಡದಾರಿಯಾಗುತ್ತಿತ್ತು ಅಷ್ಟೆ.

ವರದಿ ಹಿಂಪಡೆಯುತ್ತೇನೆ ಎಂದಾಗ ಸೆಕ್ಷನ್ ಸಾಹೇಬರಿಗೆ ಇಷ್ಟವಾಗಲಿಲ್ಲ. "ಪ್ರೊಬೇಷನ್ ಮುಗಿಯೋ ಮುಂದ ತಾನಾ ತಪ್ಪು ವರದಿ ಕೊಟ್ಟೆ ಅಂತ ಬರಕೊಡ್ತಾರೇನು? ಕೇಸ್ ಹಿಡದೀ, ಹೆಸರು ಬಂದದ, ಸುಮ್ನ ಇರು." ಅವರು ನನ್ನ ಒಳಿತಿಗೇ ಹೇಳಿದ್ದರು. ಎರಡು ದಿನ ಸುಮ್ಮನಿದ್ದೂ ನೋಡಿದೆ. ಗಾಯರಾಣದಲ್ಲಿ ಒಬ್ಬಳೇ ನಡೆಯುವಾಗ, ಹಿಕ್ಕೆ ಕಂಡರೆ ಇದು ಎಂದಿನದು ಎಂದು ಕೇಳಲು ಪಕ್ಕಕ್ಕೆ ತಿರುಗುತ್ತಿದ್ದೆ.

ಮೂರನೆಯ ದಿನ ರಾಯಚೂರಿನ ಬಸ್ಸು ಹತ್ತಿದೆ. ವಿಭಾಗದ ಕಚೇರಿಯಲ್ಲಿ ಸ್ವೀಕೃತಿ ಮಾಡಿಕೊಳ್ಳುವ ಗುಮಾಸ್ತರು ನನ್ನ ಕಾಗದ ಓದಿ ಕನ್ನಡಕ ಮೇಲೆ ಸರಿಸಿದರು.

"ಯವ್ವಾ, ಇದು ನಿನ್ನ ಫೈಲಿನಾಗೂ ಕುಂದ್ರತದ. ನೋಡು ಮತ್ತ."

"ಕುಂದರ್ಲಿರಿ. ಸಿಕ್ಕಾ ಹೊಡದು ಒಂದು ಪ್ರತಿ ಕೊಡ್ರಿ."

ಆ ಪ್ರತಿ ಹಿಡಿದು ಅಲ್ಲಿಂದಲೇ ಮಾನ್ವಿಗೆ ಹೋದೆ. ಕಾಕಾ ಕಾಗದವನ್ನು ಕೈಗೆ ತೆಗೆದುಕೊಂಡು, ಕಚೇರಿ ಮುದ್ರೆಯ ನೀಲಿ ಸಿಕ್ಕಾವನ್ನು ನೋಡಿ ವಾಪಸ್ ಕೊಟ್ಟರು. "ಓದ್ರಿ," ಎಂದರು. ಆಮೇಲೆ ಪಾಕೀಟಿಗೆ ಮಣ್ಣು ತುಂಬುತ್ತಿದ್ದ ಹೆಂಗಸರಿಗೆ ಕೇಳುವ ಹಾಗೆ, "ಕೈ ನಿಲ್ಲಸ್ರೇ ಒಂದೀಟು," ಎಂದರು. ಏಳೆಂಟು ಜನ ಕೈಯ ಮಣ್ಣು ಕೊಡವಿ ನಮ್ಮ ಕಡೆ ತಿರುಗಿದರು.

ಓದಿದೆ. ವಾಚರ್ ಮೇಲೆ ನಾನು ಮಾಡಿದ ಆರೋಪಕ್ಕೆ ಯಾವ ಪುರಾವೆಯೂ ಇರಲಿಲ್ಲ, ಕ್ಯಾಮೆರಾದ ಸ್ಥಳ ನನ್ನ ಬಾಯಿಂದಲೇ ಹೊರಗೆ ಹೋಗಿತ್ತು, ಸದರಿಯವರು ಮೊದಲ ದಿನವೇ ಸರಿಯಾದ ಸುಳಿವು ಕೊಟ್ಟಿದ್ದರೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹಿಂದಿನ ವರದಿಯನ್ನು ಹಿಂಪಡೆಯುತ್ತಿದ್ದೇನೆ. ಮುಗಿಸಿ ತಲೆಯೆತ್ತಿದೆ.

ಕಾಕಾ ಕಾಗದವನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

"ಸೋಮವಾರ ಬರ್ತೀನಿ," ಎಂದರು. "ಆದ್ರ ಇವತ್ತ ನನ್ನ ಕೂಡ ಊರಿಗಿ ಬರಬೇಕು. ಮನಿಯಾಕಿ ತಿಂಗಳಾತು, ನೀರಿಗಿ ಹೋದಲ್ಲಿ ಮಂದಿ ಮಾತು ಕೇಳಾಕತ್ತಾಳ. ಆಕಿ ಮುಂದ ಇದನ್ನ ಇನ್ನೊಮ್ಮಿ ಓದ್ರಿ. ಕಟ್ಟಿ ಮ್ಯಾಲ ನಿಂತು, ಓಣಿಗಿ ಕೇಳಂಗ."

ಅವರ ಕೆಲಸ ಮುಗಿಯಲು ಇನ್ನೂ ಎರಡು ತಾಸು ಇತ್ತು. ನಾನು ಆ ಹೆಂಗಸರ ಪಕ್ಕ ಕೂತು, ಖಾಲಿ ಪಾಕೀಟು ಎತ್ತಿಕೊಂಡು ಮಣ್ಣು ತುಂಬತೊಡಗಿದೆ.